ಬಾಬ್ ಡಿಲನ್: ಹಳೇ ಮಟ್ಟು, ಹೊಸ ಮಾತು, ಕೂಡದ ಮೌತ್ ಆರ್ಗನ್

ಪ್ರಶ್ನೆ: ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ಒಂದು ವರ್ಷದಿಂದ ಗಿಟಾರ್ ಕಲಿಯುತ್ತಿದ್ದೇನೆ, ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹಾಡುಗಳ ಹುಚ್ಚು ಹಿಡಿದಿದೆ. ‘ಬ್ಲೋಯಿಂಗ್ ಇನ್ ದ ವಿಂಡ್’ ಹಾಡನ್ನು ಮೂಲದಲ್ಲಿದ್ದಂತೆಯೇ ಏಳನೇ ಫ್ರೆಟ್‌ಗೆ ಕೇಪೊ (ಗಿಟಾರಿನ ಕತ್ತಿನ ಫ್ರೆಟ್ ಎಂಬ ಅಡ್ಡಪಟ್ಟಿಗೆ ಎಲ್ಲ ತಂತಿಗಳನ್ನೂ ಅದುಮಿಡುವ ಕ್ಲಿಪ್ಪು) ಹಾಕಿ, ಜಿ ಕಾರ್ಡ್ (ಸ್ವರಗುಚ್ಛ) ಹಿಡಿದು ನುಡಿಸುತ್ತೇನೆ. ಕೊರಳಿಗೆ ಹಾಕುವ ಸ್ಟ್ಯಾಂಡ್ ತಂದು ಸಿ ಮೌತ್ ಆರ್ಗನ್ ಸಿಕ್ಕಿಸಿದ್ದೇನೆ. ಊದಿದರೆ ಗಿಟಾರಿಗೆ ಕೂಡುವುದೇ ಇಲ್ಲ. ‘ಡೋಂಟ್ ಥಿಂಕ್ ಟ್ವೈಸ್’ ಹಾಡಿನ ಬೆರಳಾಟವೂ ಕೈಗೆ ಹತ್ತುತ್ತಿಲ್ಲ. ಇದರ ನಡುವೆ ನನಗಿಂತ ಚೆನ್ನಾಗಿ ನುಡಿಸುವ ಗೆಳೆಯನೊಬ್ಬ, ‘ಆ ಮನುಷ್ಯನಿಗೆ ಹಾಡೋಕೇ ಬರಲ್ಲ, ಟ್ಯೂನೆಲ್ಲ ಕದ್ದಿದ್ದು, ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಜನ ಓಡಿಸಿದರು, ನೊಬೆಲ್ ಕೊಟ್ಟಿದ್ದೇ ತಪ್ಪು’ ಅನ್ನುತ್ತಾನೆ. ಆ ಧಾಟಿಗೆ ಕನ್ನಡದ ಮಾತು ಬರೆದು ಯೂಟ್ಯೂಬ್‌ಗೆ ಹಾಕುವ ಆಸೆ ನನಗೆ. ಕದ್ದದ್ದನ್ನು ಮತ್ತೆ ಕದ್ದ ಹಾಗಾಗುತ್ತದೆಯೇ?

ಉತ್ತರ: ಮೊದಲು ಮೌತ್ ಆರ್ಗನ್ ವಿಷಯ ಮುಗಿಸೋಣ, ಅದಕ್ಕೆ ಎರಡು ನಿಮಿಷದ ಪರಿಹಾರವಿದೆ. ಗೆಳೆಯರ ಆರೋಪಪಟ್ಟಿ ಆಮೇಲೆ. ಅದರಲ್ಲಿ ಒಂದಿಷ್ಟು ಸುಳ್ಳು, ಒಂದಿಷ್ಟು ಒಗ್ಗರಣೆ, ಒಂದಿಷ್ಟು ನಿಜ.

ಏಳನೇ ಫ್ರೆಟ್‌ಗೆ ಕೇಪೊ ಹಾಕಿ ಜಿ ಆಕಾರ ಹಿಡಿದಾಗ ಕೇಳುವುದು ಜಿ ಅಲ್ಲ, ಡಿ. ಫ್ರೆಟ್ಟಿಗೆ ಅರ್ಧ ಸ್ವರದ ಲೆಕ್ಕದಲ್ಲಿ ಜಿಯಿಂದ ಏಳು ಮೆಟ್ಟಿಲು ಹತ್ತಿ ನೋಡಿ. ಡಿಲನ್ 1962ರ ಜುಲೈಯಲ್ಲಿ ಈ ಹಾಡನ್ನು ಧ್ವನಿಮುದ್ರಿಸಿದಾಗ ಕೊರಳಲ್ಲಿದ್ದದ್ದೂ ಡಿ ಹಾರ್ಮೋನಿಕಾ, ಅಂದರೆ ಡಿ ಶ್ರುತಿಯ ಮೌತ್ ಆರ್ಗನ್. ನಿಮ್ಮದು ಸಿ. ನೀವು ಊದಿದಾಗ ಬರುವುದು ಸಿ-ಇ-ಜಿ, ಗಿಟಾರು ನುಡಿಯುವುದು ಡಿ-ಎಫ್ ಶಾರ್ಪ್-ಎ. ಒಂದಕ್ಕೊಂದು ಒಂದೇ ಸ್ವರ ದೂರದ ಎರಡು ಶ್ರುತಿ, ಕಿವಿಗೆ ಇದಕ್ಕಿಂತ ಕಿರಿಕಿರಿ ಬೇರೆ ಬೇಕಿಲ್ಲ. ನಿಮ್ಮ ಉಸಿರಿನದಾಗಲಿ ತುಟಿಯದಾಗಲಿ ತಪ್ಪಿಲ್ಲ.

ಅಗ್ಗದ ದಾರಿ: ಕೇಪೊವನ್ನು ಏಳರಿಂದ ಐದಕ್ಕೆ ಇಳಿಸಿ. ಅದೇ ಜಿ ಆಕಾರಗಳು ಈಗ ಸಿ ಶ್ರುತಿಗೆ ಬರುತ್ತವೆ, ಮೌತ್ ಆರ್ಗನ್ ಕೂಡುತ್ತದೆ. ಹಾಡು ಒಂದು ಸ್ವರ ಕೆಳಗಿಳಿಯುತ್ತದೆ; ಹೆಚ್ಚಿನ ಗಂಡು ಕಂಠಗಳಿಗೆ ಅದು ಅನುಕೂಲವೇ. ಮೂಲದ ಶ್ರುತಿಯೇ ಬೇಕೆಂದರೆ ಡಿ ಹಾರ್ಮೋನಿಕಾ ಕೊಳ್ಳಬೇಕು. ಮೂರನೆಯದೊಂದು ದಾರಿಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ: ಕೇಪೊ ತೆಗೆದು ಜಿ ಶ್ರುತಿಯಲ್ಲೇ ನುಡಿಸಿ, ಸಿ ಹಾರ್ಮೋನಿಕಾವನ್ನು ಒಳಗೆಳೆದು ಬಾರಿಸುವ ಬ್ಲೂಸ್ ಪದ್ಧತಿ. ಬ್ಲೂಸ್‌ಗೆ ಅದು ಸರಿ. ಈ ಹಾಡಿಗೆ ಬೇಡ. ಜಿ ಶ್ರುತಿಯಲ್ಲಿ ಡಿ ಕಾರ್ಡ್ ಬಂದಾಗ ಎಫ್ ಶಾರ್ಪ್ ಬೇಕು, ಸಿ ಹಾರ್ಮೋನಿಕಾದ ಐದನೇ ತೂತನ್ನು ಎಳೆದರೆ ಸಿಗುವುದು ಬರೀ ಎಫ್. ಪ್ರತಿ ಸಾಲಿನಲ್ಲೂ ಅಲ್ಲೇ ಎಡವುತ್ತೀರಿ.

ಇನ್ನೊಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಮ್ಮ ಅಂಗಡಿಗಳಲ್ಲಿ ‘ಮೌತ್ ಆರ್ಗನ್’ ಎಂದು ಕೇಳಿದರೆ ಎರಡು ಸಾಲು ತೂತಿನ, 24 ಮನೆಯ ಟ್ರೆಮೊಲೊ ಕೊಡುವುದೇ ಹೆಚ್ಚು. ಅದರಲ್ಲಿ ಪ್ರತಿ ಸ್ವರಕ್ಕೂ ತುಸು ಬೇರೆ ಶ್ರುತಿಯ ಎರಡು ರೀಡ್ (ಉಸಿರಿಗೆ ಕಂಪಿಸುವ ಲೋಹದ ನಾಲಗೆ) ಇರುತ್ತವೆ, ಅದರಿಂದಲೇ ಆ ಕಂಪನ. ಹಿಂದಿ ಸಿನಿಮಾ ಹಾಡಿಗೆ ಸೊಗಸು, ಡಿಲನ್‌ಗೆ ಆಗದು. ಎಷ್ಟೋ ಸ್ಟ್ಯಾಂಡ್‌ಗಳಲ್ಲಿ ಸರಿಯಾಗಿ ಕೂರುವುದೂ ಇಲ್ಲ. ನಿಮಗೆ ಬೇಕಾದ್ದು ಹತ್ತು ತೂತಿನ, ಒಂದೇ ಶ್ರುತಿಯ ಸ್ವರಗಳಿರುವ ಡಯಾಟೋನಿಕ್. ಕೇಪೊ ಐದರಲ್ಲಿದ್ದಾಗ ಸಿ ಕಾರ್ಡ್ ಕೇಳುವಲ್ಲಿ (ಕೈಯಲ್ಲಿರುವುದು ಜಿ ಆಕಾರ) ಊದಿ, ಜಿ ಕಾರ್ಡ್ ಕೇಳುವಲ್ಲಿ (ಡಿ ಆಕಾರ) ಒಂದರಿಂದ ನಾಲ್ಕರವರೆಗಿನ ತೂತುಗಳನ್ನು ಎಳೆಯಿರಿ, ಎಫ್ ಕಾರ್ಡ್ ಕೇಳುವಲ್ಲಿ (ಸಿ ಆಕಾರ) ಐದು-ಆರನ್ನು ಎಳೆಯಿರಿ. ಇಷ್ಟರಲ್ಲೇ ಹಾಡಿನ ನಡುವಿನ ಜಾಗ ತುಂಬುತ್ತದೆ. ಡಿಲನ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಇಷ್ಟಾದ ಮೇಲೂ ಸ್ವಲ್ಪ ಅಪಸ್ವರ ಉಳಿದರೆ ಎರಡು ಕಡೆ ಹುಡುಕಿ. ಒಂದು, ಕೇಪೊ. ತಂತಿ ಫ್ರೆಟ್ಟಿನಿಂದ ಎತ್ತರದಲ್ಲಿದ್ದರೆ ಕೇಪೊ ಅದುಮಿದಾಗ ತಂತಿ ಎಳೆದು ಶ್ರುತಿ ಏರುತ್ತದೆ. ಹನ್ನೆರಡನೇ ಫ್ರೆಟ್ ಮೇಲೆ ಸಣ್ಣ ತಂತಿ ಸುಮಾರು 2 ಮಿ.ಮೀ., ದಪ್ಪ ತಂತಿ 2.5 ಮಿ.ಮೀ. ಎತ್ತರದಲ್ಲಿದ್ದರೆ ಸಾಕು. ಅದಕ್ಕಿಂತ ತೀರಾ ಹೆಚ್ಚಿದ್ದರೆ ಸ್ಯಾಡಲ್ (ಗಿಟಾರಿನ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಉಜ್ಜಿಸಿ. ಶ್ರುತಿಯನ್ನು ಕೇಪೊ ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಎರಡು, ಟ್ಯೂನರ್. ಹಾರ್ಮೋನಿಕಾಗಳನ್ನು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ 442 ಹರ್ಟ್ಜ್ (ಎ ಸ್ವರದ ಕಂಪನದ ಲೆಕ್ಕ) ಆಸುಪಾಸಿಗೆ ಇಟ್ಟಿರುತ್ತಾರೆ, ಮೊಬೈಲಿನ ಟ್ಯೂನರ್ 440ಕ್ಕೆ ಇರುತ್ತದೆ. ಹಾರ್ಮೋನಿಕಾ ನಿಮ್ಮ ಮಾತು ಕೇಳುವುದಿಲ್ಲ, ಗಿಟಾರು ಕೇಳುತ್ತದೆ. ಟ್ಯೂನರನ್ನು 442ಕ್ಕೆ ಬದಲಿಸಿ.

ಬೆರಳಾಟಕ್ಕೆ ಬರೋಣ. ‘ಡೋಂಟ್ ಥಿಂಕ್ ಟ್ವೈಸ್’ ಮೂಲದಲ್ಲಿ ನಾಲ್ಕನೇ ಫ್ರೆಟ್‌ಗೆ ಕೇಪೊ, ಸಿ ಆಕಾರಗಳು. ನೀವು ಕೇಪೊ ಇಲ್ಲದೆ ನುಡಿಸಿ, ನಿಮ್ಮ ಸಿ ಹಾರ್ಮೋನಿಕಾ ಇಲ್ಲೂ ಕೂಡುತ್ತದೆ. ಕಲಿಯುವವರು ಇಲ್ಲಿ ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹೆಬ್ಬೆರಳು ಮತ್ತು ಉಳಿದ ಬೆರಳುಗಳನ್ನು ಒಟ್ಟಿಗೇ ಕಲಿಯಲು ಹೋಗುತ್ತಾರೆ. ಹೆಬ್ಬೆರಳು ತಾಳದ ನಾಲ್ಕು ಪೆಟ್ಟಿಗೂ ನಿಲ್ಲದೆ, ಸಿ ಕಾರ್ಡಿನಲ್ಲಿ 5, 4, 5, 4ನೇ ತಂತಿ ಮೀಟಬೇಕು. ಮೊದಲ ವಾರ ಇದೊಂದನ್ನೇ, ನಿಮಿಷಕ್ಕೆ 60 ಪೆಟ್ಟಿನ ವೇಗದಲ್ಲಿ, ಪಕ್ಕದಲ್ಲಿರುವವರೊಡನೆ ಮಾತಾಡುತ್ತ ನುಡಿಸಲು ಬರುವವರೆಗೆ ಮಾಡಿ. ಆಮೇಲೆ ಎರಡನೇ ಪೆಟ್ಟಿನ ಬೆನ್ನಿಗೆ ನಡುಬೆರಳಿನಿಂದ 2ನೇ ತಂತಿ, ಮೂರನೇ ಪೆಟ್ಟಿನ ಬೆನ್ನಿಗೆ ತೋರುಬೆರಳಿನಿಂದ 3ನೇ ತಂತಿ ಸೇರಿಸಿ. ಕಾರ್ಡುಗಳು ಸಿ, ಜಿ, ಎ ಮೈನರ್, ಎಫ್, ಸಿ, ಜಿ ಎಂದು ಶುರುವಾಗುತ್ತವೆ. ಎಫ್‌ಗೆ ಬಂದಾಗ ಹೆಬ್ಬೆರಳು ತಡವರಿಸುತ್ತದೆ, ಏಕೆಂದರೆ ಅಲ್ಲಿ ಮೂಲಸ್ವರ 4ನೇ ಇಲ್ಲವೇ 6ನೇ ತಂತಿಗೆ ಹೋಗುತ್ತದೆ. ಎಫ್ ಒಂದನ್ನೇ ಬೇರೆಯಾಗಿ ತಾಲೀಮು ಮಾಡಿ. ವೇಗವನ್ನು ಐದೈದಾಗಿ ಏರಿಸಿ. ತಪ್ಪು ಬಂದ ವೇಗದಿಂದ ಹತ್ತು ಕೆಳಗಿಳಿದು ಮತ್ತೆ ಹತ್ತಿ.

ಈಗ ನಿಮ್ಮ ಗೆಳೆಯರ ಆರೋಪಗಳು.

‘ಹಾಡೋಕೇ ಬರಲ್ಲ’ ಎನ್ನುವವರು ಕಂಠವನ್ನೂ ಹಾಡುಗಾರಿಕೆಯನ್ನೂ ಒಂದೇ ಮಾಡುತ್ತಿದ್ದಾರೆ. ಮಿನ್ನೆಸೋಟದ ಕಬ್ಬಿಣದ ಗಣಿ ಊರು ಹಿಬ್ಬಿಂಗ್‌ನಲ್ಲಿ ಬೆಳೆದ ರಾಬರ್ಟ್ ಜಿಮ್ಮರ್‌ಮನ್, ಅಂದರೆ ಡಿಲನ್ (ಹುಟ್ಟಿದ್ದು ಡುಲುತ್‌ನಲ್ಲಿ, 1941ರ ಮೇ 24) ಹೈಸ್ಕೂಲಿನಲ್ಲಿ ರಾಕ್ ಅಂಡ್ ರೋಲ್ ಬಾರಿಸುತ್ತಿದ್ದ ಹುಡುಗ. ಆ ಮೂಗಿನ, ಒರಟು ದನಿ ಹಿರಿಯ ಜನಪದ ಹಾಡುಗಾರ ವುಡಿ ಗತ್ರಿಯನ್ನು ಕೇಳಿ ಕೇಳಿ ತಾನೇ ಕಟ್ಟಿಕೊಂಡದ್ದು. ಅನುಮಾನವಿದ್ದರೆ 1969ರ ‘ನ್ಯಾಶ್‌ವಿಲ್ ಸ್ಕೈಲೈನ್’ ಕೇಳಿ, ಅಲ್ಲಿ ನಯವಾದ ಇನ್ನೊಂದೇ ದನಿಯಿದೆ. ಅವನ ಕಸುಬು ಇರುವುದು ಸಾಲನ್ನು ಎಲ್ಲಿ ಮುರಿಯುತ್ತಾನೆ, ಯಾವ ಪದವನ್ನು ಪೆಟ್ಟಿಗಿಂತ ತಡವಾಗಿ ಬಿಡುತ್ತಾನೆ ಎಂಬಲ್ಲಿ. ಕಲಿಯುವುದಾದರೆ ಅದನ್ನು ಕಲಿಯಿರಿ. ಆ ಕರ್ಕಶವನ್ನು ಅನುಕರಿಸಲು ಗಂಟಲು ಕೆರೆದುಕೊಂಡರೆ ದನಿ ಕಟ್ಟುತ್ತದೆ, ಹಾಡು ಮಾತ್ರ ಡಿಲನ್‌ನದಾಗುವುದಿಲ್ಲ.

‘ಟ್ಯೂನೆಲ್ಲ ಕದ್ದಿದ್ದು’ ಎನ್ನುವುದು ತೂಕದ ಮಾತು, ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಹಳೇ ಕಂಪನಿ ನಾಟಕಗಳ ಹಾಡಿನ ಪುಸ್ತಕ ತೆರೆದರೆ ಎಷ್ಟೋ ಹಾಡುಗಳ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದೇ ಅಚ್ಚಾಗಿರುತ್ತದೆ. ಮರಾಠಿ ರಂಗದ ಮಟ್ಟಿಗೆ ಕನ್ನಡದ ಮಾತು ಕೂರಿಸಿದವರನ್ನು ಯಾರೂ ಕಳ್ಳರೆನ್ನಲಿಲ್ಲ, ಪ್ರೇಕ್ಷಕರು ಕೇಳುತ್ತಿದ್ದದ್ದು ಮಾತು ಎಷ್ಟು ಚೆನ್ನಾಗಿ ಕೂತಿದೆ ಎಂದು. ಅಮೆರಿಕದ ಜನಪದ ಹಾಡೂ ಬೆಳೆದದ್ದು ಹೀಗೇ. ಗತ್ರಿಯ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಹಾಡಿನ ಮಟ್ಟು ಕಾರ್ಟರ್ ಕುಟುಂಬದವರು ಹಾಡಿದ ಭಕ್ತಿಗೀತೆಯೊಂದರದ್ದು. ಡಿಲನ್ 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದು, ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಹಂಟಿಂಗ್ಟನ್ ಕಾಯಿಲೆಯಿಂದ ಮಲಗಿದ್ದ ಗತ್ರಿಯನ್ನು ಕಂಡು, ಅವನ ಮೇಲೊಂದು ಹಾಡು ಬರೆದ. ಆ ಹಾಡಿನ ಮಟ್ಟು ಗತ್ರಿಯದೇ ‘1913 ಮ್ಯಾಸಕರ್’ ಹಾಡಿನದು. ಗುರುವಿನ ಮಟ್ಟಿನಲ್ಲಿ ಗುರುವಿಗೆ ಹಾಡು! 1962ರ ಮಾರ್ಚ್‌ನಲ್ಲಿ ಬಂದ ಮೊದಲ ಆಲ್ಬಮ್ಮಿನ 13 ಹಾಡುಗಳಲ್ಲಿ ಅವನು ಬರೆದದ್ದು ಎರಡೇ, ಅದರಲ್ಲಿ ಇದೊಂದು.

‘ಬ್ಲೋಯಿಂಗ್ ಇನ್ ದ ವಿಂಡ್’ ಹಾಡಿನ ಮೂಲ ‘ನೋ ಮೋರ್ ಆಕ್ಷನ್ ಬ್ಲಾಕ್’, ಗುಲಾಮರನ್ನು ನಿಲ್ಲಿಸಿ ಮಾರುತ್ತಿದ್ದ ಹರಾಜು ಕಟ್ಟೆಗೆ ಬೆನ್ನು ಮಾಡಿ ಬಂದ ಕಪ್ಪುಜನರ ಹಾಡು. ಡಿಲನ್ ಇದನ್ನು ತಾನೇ ಹೇಳಿದ್ದಾನೆ, 1962ರಲ್ಲಿ ಆ ಹಳೇ ಹಾಡನ್ನು ಹಾಡಿದ ಮುದ್ರಣವೂ ಇದೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ: ಸಾಲು ಏರಿ ಇಳಿಯುವ ರೀತಿ ಒಂದೇ, ಆದರೆ ಒಂಬತ್ತು ಪ್ರಶ್ನೆಗಳನ್ನು ಮೂರು ಮೂರಾಗಿ ಹೆಣೆದು ಪ್ರತಿ ಬಾರಿಯೂ ಅದೇ ಉತ್ತರಕ್ಕೆ ತಂದು ನಿಲ್ಲಿಸುವ ಕಟ್ಟಡ ಡಿಲನ್‌ನದು. ‘ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿ’ಗೆ ಬುನಾದಿ ಲಂಡನ್ನಿನಲ್ಲಿ ಹಾಡುಗಾರ ಮಾರ್ಟಿನ್ ಕಾರ್ಥಿಯಿಂದ ಕೇಳಿದ ‘ಸ್ಕಾರ್ಬರೋ ಫೇರ್’. ‘ಹಾರ್ಡ್ ರೇನ್’ ಹಾಡಿನ ತಾಯಿ-ಮಗನ ಸವಾಲು ಜವಾಬು ‘ಲಾರ್ಡ್ ರ‍್ಯಾಂಡಲ್’ ಎಂಬ ಹಳೇ ಬಲ್ಲಾಡಿನದು, ಅಂದರೆ ಕಥನಗೀತೆಯದು. ಇವೆಲ್ಲ ಒಡೆಯರಿಲ್ಲದ ಹೊಲಗಳು, ಯಾರು ಬೇಕಾದರೂ ಉಳಬಹುದಿತ್ತು.

ಬೇಲಿ ಇದ್ದ ಹೊಲಕ್ಕೆ ನುಗ್ಗಿದ್ದೂ ಉಂಟು. ನೀವು ಕಲಿಯುತ್ತಿರುವ ‘ಡೋಂಟ್ ಥಿಂಕ್ ಟ್ವೈಸ್’ ಪಾಲ್ ಕ್ಲೇಟನ್ ಎಂಬ ಗೆಳೆಯನ ಹಾಡಿಗೆ ಎಷ್ಟು ಹತ್ತಿರವೆಂದರೆ ಪ್ರಕಾಶಕರ ನಡುವೆ ವ್ಯಾಜ್ಯವಾಗಿ, ಕೋರ್ಟಿನ ಹೊರಗೆ ರಾಜಿಯಾಯಿತು. (ಕ್ಲೇಟನ್ ಕೂಡ ಅದನ್ನು ಹಳೇ ಜನಪದ ಹಾಡಿನಿಂದಲೇ ಎತ್ತಿದ್ದ.) ‘ವಿತ್ ಗಾಡ್ ಆನ್ ಅವರ್ ಸೈಡ್’ ಹಾಡಿನ ಬಗ್ಗೆ ಐರ್ಲೆಂಡಿನ ಹಾಡುಗಾರ ಡೊಮಿನಿಕ್ ಬೀಹನ್ ಸಿಟ್ಟಾಗಿದ್ದ, ಅವನ ಹಾಡೂ ಹಳೇ ಮಟ್ಟಿನ ಮೇಲೇ ನಿಂತದ್ದು. 2001ರ ಆಲ್ಬಮ್ಮಿನಲ್ಲಿ ಜಪಾನಿನ ಜುನಿಚಿ ಸಾಗಾ ಅವರ ಪುಸ್ತಕದ ಸಾಲುಗಳು ಹೆಸರಿಲ್ಲದೆ ಬಂದಿವೆ. ನೊಬೆಲ್ ಉಪನ್ಯಾಸದ ಕೆಲವು ವಾಕ್ಯಗಳು ವಿದ್ಯಾರ್ಥಿಗಳ ಗೈಡಿನ ವಾಕ್ಯಗಳನ್ನು ಹೋಲುತ್ತವೆ ಎಂದೂ ಪತ್ತೆಯಾಯಿತು. ಮಟ್ಟು ತೆಗೆದುಕೊಂಡದ್ದನ್ನು ನಾನು ಕಳವೆನ್ನುವುದಿಲ್ಲ. ಹೆಸರು ಹೇಳದೆ ಹೋದದ್ದು ಒಳ್ಳೆಯ ಅಭ್ಯಾಸವೆಂದೂ ಹೇಳಲಾರೆ. ಆದರೆ ‘ಬ್ಲೋಯಿಂಗ್’ ಹಾಡಿನ ಮಾತನ್ನೇ ನ್ಯೂಜೆರ್ಸಿಯ ವಿದ್ಯಾರ್ಥಿಯಿಂದ ಕೊಂಡುಕೊಂಡ ಎಂದು ನಿಮ್ಮ ಗೆಳೆಯರು ಹೇಳಿದರೆ ನಂಬಬೇಡಿ. 1963ರಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆವರೆಗೆ ಹೋದ ಆ ಗಾಳಿಸುದ್ದಿ ಸುಳ್ಳೆಂದು ಆ ವಿದ್ಯಾರ್ಥಿಯೇ ವರ್ಷಗಳ ನಂತರ ಒಪ್ಪಿಕೊಂಡ.

‘ಎಲೆಕ್ಟ್ರಿಕ್ ಹಿಡಿದಾಗ ಓಡಿಸಿದರು’ ಎಂಬುದು 1965ರ ಜುಲೈ 25ರ ನ್ಯೂಪೋರ್ಟ್ ಜನಪದ ಉತ್ಸವದ ಕಥೆ. ಡಿಲನ್‌ಗೆ ಎಲೆಕ್ಟ್ರಿಕ್ ಅಂದು ಹೊಸದೇನಲ್ಲ. ಆ ಮಾರ್ಚ್‌ನಲ್ಲಿ ಬಂದ ಆಲ್ಬಮ್ಮಿನ ಒಂದು ಮಗ್ಗುಲು ಪೂರ್ತಿ ಎಲೆಕ್ಟ್ರಿಕ್, ‘ಲೈಕ್ ಎ ರೋಲಿಂಗ್ ಸ್ಟೋನ್’ ಉತ್ಸವಕ್ಕೆ ಐದು ದಿನ ಮೊದಲೇ ಬಿಡುಗಡೆಯಾಗಿತ್ತು. ಅವನ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಹಾಡನ್ನು ಬರ್ಡ್ಸ್ ತಂಡ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬಾರಿಸಿ ಜೂನ್‌ನಲ್ಲಿ ಮೊದಲ ಸ್ಥಾನಕ್ಕೆ ಏರಿಸಿತ್ತು, ‘ಫೋಕ್-ರಾಕ್’ ಎಂಬ ಹೆಸರು ಚಲಾವಣೆಗೆ ಬಂದದ್ದೇ ಆ ದಿನಗಳಲ್ಲಿ. ನ್ಯೂಪೋರ್ಟ್‌ನಲ್ಲಿ ಕೆಟ್ಟದ್ದು ಬೇರೆ. ಬಟರ್‌ಫೀಲ್ಡ್ ಬ್ಲೂಸ್ ತಂಡದವರನ್ನು ಕಟ್ಟಿಕೊಂಡು ಹಿಂದಿನ ರಾತ್ರಿಯಷ್ಟೇ ತಾಲೀಮು ಮಾಡಿದ್ದ. ಮೂರು ಹಾಡು ತಯಾರಿತ್ತು, ಮೂರೇ ಹಾಡಿ ಇಳಿದ. ಒಬ್ಬ ಹಾಡುಗಾರ, ಒಂದು ಗಿಟಾರಿಗೆಂದು ಜೋಡಿಸಿದ ಮೈಕುಗಳಲ್ಲಿ ಡ್ರಮ್ಮು, ಆಂಪ್ಲಿಫೈಯರುಗಳ ನಡುವೆ ಮಾತು ಮುಳುಗಿತು. ಮಾತು ಕೇಳಲೆಂದೇ ಬಂದ ಜನ ಕೂಗಿದರು. ಎಷ್ಟು ಜನ ಎಲೆಕ್ಟ್ರಿಕ್‌ಗೆ, ಎಷ್ಟು ಜನ ಸದ್ದಿಗೆ, ಎಷ್ಟು ಜನ ಮೂರೇ ಹಾಡಿಗೆ ಇಳಿದದ್ದಕ್ಕೆ ಕೂಗಿದರು ಎಂದು ಅಲ್ಲಿದ್ದವರೇ ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಹಿರಿಯ ಜನಪದ ಹಾಡುಗಾರ ಪೀಟ್ ಸೀಗರ್ ಕೊಡಲಿಯಿಂದ ಕೇಬಲ್ ಕತ್ತರಿಸಲು ಹೋದ ಎಂಬುದು ಕಟ್ಟುಕಥೆ. ‘ಕೊಡಲಿ ಇದ್ದಿದ್ದರೆ ಕತ್ತರಿಸುತ್ತಿದ್ದೆ’ ಎಂದದ್ದು ನಿಜ, ಅದು ಮಾತು ಕೇಳಿಸುತ್ತಿಲ್ಲ ಎಂಬ ಸಿಟ್ಟಿಗೆ ಎಂದು ಅವನೇ ವಿವರಿಸಿದ್ದಾನೆ.

ಜನ ಓಡಿಸಲೂ ಇಲ್ಲ, ವಾಪಸ್ ಕರೆದರು. ಡಿಲನ್ ಅಕೌಸ್ಟಿಕ್ ಗಿಟಾರ್ ಹಿಡಿದು ಮರಳಿದ, ನೋಡಿದರೆ ಬೇಕಾದ ಶ್ರುತಿಯ ಹಾರ್ಮೋನಿಕಾ ಇಲ್ಲ. ‘ಯಾರ ಹತ್ತಿರವಾದರೂ ಇ ಹಾರ್ಮೋನಿಕಾ ಇದೆಯೇ?’ ಎಂದು ಜನರನ್ನೇ ಕೇಳಿದ. ವೇದಿಕೆಯ ಮೇಲೆ ಹಾರ್ಮೋನಿಕಾಗಳು ಬಂದು ಬಿದ್ದವು. ನಿಮ್ಮ ಸಮಸ್ಯೆಯೇ, ಸಾವಿರಾರು ಜನರ ಎದುರಿಗೆ! ನಿಜವಾದ ಕಹಿ ಬಂದದ್ದು ಮರುವರ್ಷ, 1966ರ ಮೇ 17ರಂದು ಮ್ಯಾಂಚೆಸ್ಟರಿನಲ್ಲಿ. ಪ್ರೇಕ್ಷಕನೊಬ್ಬ ‘ಜೂಡಾಸ್!’ (ಏಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರು) ಎಂದು ಕೂಗಿದ್ದು ಧ್ವನಿಮುದ್ರಣದಲ್ಲೇ ಕೇಳುತ್ತದೆ.

ನೊಬೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2016ರಲ್ಲಿ ಅಕಾಡೆಮಿ ಕೊಟ್ಟ ಕಾರಣ ಅಮೆರಿಕದ ಹಾಡಿನ ಪರಂಪರೆಯೊಳಗೆ ಹೊಸ ಕಾವ್ಯಾಭಿವ್ಯಕ್ತಿ ತಂದನೆಂದು. ಪರಂಪರೆಯೊಳಗೆ ಎಂಬ ಮಾತನ್ನು ನಿಮ್ಮ ಗೆಳೆಯರಿಗೆ ತೋರಿಸಿ. ವಚನ, ಕೀರ್ತನೆ, ತತ್ವಪದಗಳನ್ನು ಸಾಹಿತ್ಯವೆಂದೇ ಓದಿ ಬೆಳೆದ ನಮಗೆ ಹಾಡಿಗೆ ಸಾಹಿತ್ಯದ ಬಹುಮಾನ ಯಾಕೆ ವಿಚಿತ್ರವಾಗಬೇಕೋ ನನಗೆ ತಿಳಿಯದು. ಅಂದಹಾಗೆ 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮ್ಮಿನ ಹೊದಿಕೆಯಲ್ಲಿ ಡಿಲನ್ ಪಕ್ಕ ನಿಂತಿರುವವರು ಬಂಗಾಳದ ಬಾವುಲರು, ಅಂದರೆ ಊರೂರು ಅಲೆದು ತತ್ವಪದ ಹಾಡುವವರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್.

ಕೊನೆಗೆ ನಿಮ್ಮ ಕನ್ನಡದ ಹಾಡು. ಇಲ್ಲಿ ಕಾನೂನು ಪರಂಪರೆಯ ಮಾತು ಕೇಳುವುದಿಲ್ಲ. ಡಿಲನ್ ತೆಗೆದುಕೊಂಡ ಮಟ್ಟು ಎಲ್ಲರದ್ದಾಗಿದ್ದರೂ, ಅವನು ಕಟ್ಟಿದ ಹಾಡು ಅವನ ಕೃತಿ. 600ಕ್ಕೂ ಹೆಚ್ಚು ಹಾಡುಗಳ ಹಕ್ಕನ್ನು 2020ರಲ್ಲಿ ಯೂನಿವರ್ಸಲ್ ಸಂಸ್ಥೆಗೆ ಮಾರಿದ್ದಾನೆ. ನಮ್ಮ ಕಾಯ್ದೆಯಲ್ಲಿ ಕೃತಿಸ್ವಾಮ್ಯ ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಅನುವಾದ, ರೂಪಾಂತರದ ಹಕ್ಕೂ ಒಡೆಯರದೇ.

ಮನೆಯಲ್ಲಿ ಹಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಇಂಗ್ಲಿಷ್ ಮೂಲವನ್ನೇ ಹಾಡಿ ಯೂಟ್ಯೂಬ್‌ಗೆ ಹಾಕಿದರೆ ಸಾಮಾನ್ಯವಾಗಿ ಆಗುವುದು ಇಷ್ಟು: ಒಡೆಯರು ಹಕ್ಕು ಸಾಧಿಸುತ್ತಾರೆ, ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಒಮ್ಮೊಮ್ಮೆ ವಿಡಿಯೊವನ್ನೇ ತಡೆಯುತ್ತಾರೆ. ಅವನ ಮಟ್ಟಿಗೆ ಕನ್ನಡದ ಮಾತು ಹಾಕಿ ಪ್ರಕಟಿಸಲು ಪ್ರಕಾಶಕರ ಲಿಖಿತ ಒಪ್ಪಿಗೆ ಬೇಕು. ‘ಮೂಲ: ಬಾಬ್ ಡಿಲನ್’ ಎಂದು ಹಾಕಿದರೆ ಸಾಕು ಎಂಬುದು ತಪ್ಪು ನಂಬಿಕೆ, ಅದು ಸೌಜನ್ಯ, ಪರವಾನಗಿ ಅಲ್ಲ. ಒಡೆಯರು ತೆಗೆಸಿದರೆ ಚಾನೆಲ್ಲಿಗೆ ಒಂದು ಸ್ಟ್ರೈಕ್ (ಯೂಟ್ಯೂಬ್ ಹಾಕುವ ತಪ್ಪಿನ ಗುರುತು), 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು.

ನನ್ನನ್ನು ಕೇಳಿದರೆ, ಡಿಲನ್ ಮಾಡಿದ್ದನ್ನೇ ಮಾಡಿ: ಅವನ ಹಾಡನ್ನು ಬಿಟ್ಟು ಅದರ ಅಜ್ಜಿಯ ಹತ್ತಿರ ಹೋಗಿ. ‘ನೋ ಮೋರ್ ಆಕ್ಷನ್ ಬ್ಲಾಕ್’ ಹಾಡನ್ನು ಗಾಯಕಿ ಒಡೆಟ್ಟಾ ದನಿಯಲ್ಲಿ ಕೇಳಿ. ‘ಸ್ಕಾರ್ಬರೋ ಫೇರ್’ ಆದರೆ ಬೇರೆ ಬೇರೆ ಗಾಯಕರ ನಾಲ್ಕಾರು ಪಾಠ ಕೇಳಿ. ಬರೀ ಮಟ್ಟನ್ನು ತೆಗೆದುಕೊಳ್ಳಿ. ಯಾರೋ ಸೇರಿಸಿದ ಗಿಟಾರಿನ ಜೋಡಣೆ, ಎರಡನೇ ದನಿಯ ಸಾಲು ಅವರವರ ಸ್ವತ್ತು, ಮುಟ್ಟಬೇಡಿ. ಮಾತು ನಿಮ್ಮದೇ ಇರಲಿ, ಡಿಲನ್‌ನ ಪ್ರಶ್ನೆಗಳ ಅನುವಾದವೂ ಬೇಡ.

ಮಾತು ಕೂರಿಸುವಾಗ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷ್ ಬಲ್ಲಾಡಿನ ಸಾಲು ಬಹುಪಾಲು ಒಂದು ಹಗುರ ಅಕ್ಷರದಿಂದ, ತಾಳದ ಪೆಟ್ಟಿಗಿಂತ ಮೊದಲೇ ಶುರುವಾಗುತ್ತದೆ, ನಮ್ಮ ಸಂಗೀತದಲ್ಲಿ ಅತೀತ ಎನ್ನುವ ಹಾಗೆ. ಕನ್ನಡದ ಪದಕ್ಕೆ ಭಾರವೆಲ್ಲ ಮೊದಲ ಅಕ್ಷರದ ಮೇಲೆ. ‘ದಾರಿ’ ಎಂದು ಶುರುಮಾಡಿದರೆ ‘ದಾ’ ಹಗುರ ಜಾಗಕ್ಕೆ ಬಿದ್ದು ‘ರಿ’ಗೆ ಪೆಟ್ಟು ಬೀಳುತ್ತದೆ, ಹಾಡು ಡಬ್ಬಿಂಗ್ ಸಿನಿಮಾದಂತೆ ಕೇಳುತ್ತದೆ. ಲಘು ಮೊದಲು, ಗುರು ಆಮೇಲೆ ಬರುವ ಪದ ಹುಡುಕಿ: ಗುಲಾಮ, ಹರಾಜು, ಸಮುದ್ರ. ಸಿಗದಿದ್ದರೆ ‘ಈ’, ‘ಓ’ ಎಂಬ ಒಂದಕ್ಷರವನ್ನು ಮುಂದಿಟ್ಟು ಭಾರದ ಅಕ್ಷರವನ್ನು ಪೆಟ್ಟಿಗೆ ತಳ್ಳಿ. ಸಾಲಿನ ಕೊನೆಯ ಉದ್ದ ಸ್ವರಕ್ಕೆ ‘ಆ’, ‘ಏ’, ‘ಓ’ ಬರಲಿ, ‘ಉ’ ಬಂದರೆ ದನಿ ಬಾಯೊಳಗೇ ಉಳಿಯುತ್ತದೆ. ಎರಡು ಸಾಲು ಬರೆದು ಮೊಬೈಲಿನಲ್ಲಿ ಮುದ್ರಿಸಿ, ಮರುದಿನ ಬೆಳಿಗ್ಗೆ ಕೇಳಿ. ಪದ ಮುರಿದ ಕಡೆ ಪದವನ್ನು ಬದಲಿಸಿ, ಮಟ್ಟನ್ನಲ್ಲ. ಕೇಪೊ ಐದರಲ್ಲೇ ಇರಲಿ.